ಐದು ತಾಲ್ಲೂಕಿನ ಮರಗಳೂ ಒಂದು ಹಗುರ ಗರಗಸವೂ

ನಿಪ್ಪಾಣಿಯಿಂದ ಅಥಣಿಯವರೆಗೆ ಪ್ರವಾಸ ಮಾಡುವವನು ಕಾಡನ್ನು ಕಾಣುವ ಆಸೆ ಇಟ್ಟುಕೊಳ್ಳಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಕಾಡೆಲ್ಲ ದಕ್ಷಿಣದ ಖಾನಾಪುರದ ಕಡೆಗೆ. ಉತ್ತರದ ಗಡಿಯಲ್ಲಿರುವ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಗಳಲ್ಲಿ ಮರವೆಂದರೆ ಹೊಲದ ಒಡ್ಡಿನ ಜಾಲಿ, ಬಾವಿಯ ಬಳಿಯ ಬೇವು, ಹಾದಿಯ ಬದಿಯ ಹುಣಸೆ, ಊರ ಮುಂದಿನ ಆಲ. ಸಂಖ್ಯೆಯಲ್ಲಿ ಕಡಿಮೆಯಾದುದರಿಂದಲೇ ಅವುಗಳ ಬೆಲೆ ಹೆಚ್ಚು. ಆದರೆ ಮಾಡಿಗೆ ತಗಲುವ ಕೊಂಬೆಯನ್ನು, ವಿದ್ಯುತ್ ತಂತಿಯತ್ತ ಚಾಚಿದ ರೆಂಬೆಯನ್ನು, ಬೆಳೆಯ ಮೇಲೆ ನೆರಳು ಕವಿಸುವ ಹರೆಯನ್ನು ಸವರದೆ ಗತಿಯಿಲ್ಲ. ಹಿಂದೆ ಕೊಡಲಿ ಮಾಡುತ್ತಿದ್ದ ಈ ಕೆಲಸ ಇಂದು ಯಂತ್ರಗರಗಸದ ಪಾಲಿಗೆ ಬಂದಿದೆ. ಅದನ್ನು ಹೇಗೆ ಆರಿಸಬೇಕು, ಹೇಗೆ ಸಜ್ಜುಗೊಳಿಸಬೇಕು ಎಂಬುದನ್ನು ಈ ದಾರಿಯುದ್ದಕ್ಕೂ ವಿಚಾರಿಸುತ್ತ ಹೋಗೋಣ.

ಈ ಯಂತ್ರ ಮೊದಲು ಹಗುರವಾಗಿರಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಷ್ಟೀಲ್ 1926ರಲ್ಲಿ ಸಿದ್ಧಪಡಿಸಿದ ವಿದ್ಯುತ್ ಗರಗಸ 64 ಕಿಲೋ ಭಾರವಿದ್ದು, ಎತ್ತಲು ಇಬ್ಬರು ಬೇಕಾಗುತ್ತಿತ್ತು. ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ, ಮರದ ಬೊಡ್ಡೆಯನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತಿದ್ದ ಹುಳುವಿನ ದವಡೆಯನ್ನು ನೋಡಿ, ಅದೇ ಮಾದರಿಯ ಹಲ್ಲುಗಳ ಚೈನನ್ನು ರೂಪಿಸಿದನು. ಇಂದಿನ ಗರಗಸಗಳ ಚೈನು ಆ ಹುಳುವಿಗೆ ಋಣಿ.

ಹೆದ್ದಾರಿಯ ಮೇಲಿರುವ ನಿಪ್ಪಾಣಿ ತಂಬಾಕಿನ ಪೇಟೆ; ತೂಕದ ಮಹತ್ವವನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗರಗಸಕ್ಕೂ ಮೊದಲ ಪರೀಕ್ಷೆ ತೂಕದ್ದೇ. ಕೊಂಬೆ ಸವರಲು ಮೂರರಿಂದ ನಾಲ್ಕೂವರೆ ಕಿಲೋದ ಯಂತ್ರ ಸಾಕು. ಆದರೆ ಅಂಗಡಿಯ ಪಟ್ಟಿಯಲ್ಲಿ ಬರೆದ ತೂಕದಲ್ಲಿ ಅನೇಕ ವೇಳೆ ಬಾರು, ಚೈನು, ಎಣ್ಣೆಗಳು ಸೇರಿರುವುದಿಲ್ಲ. ಎಲ್ಲವನ್ನೂ ತುಂಬಿಸಿ, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ಹಿಡಿ ಮೇಲ್ಗಡೆ ಇರುವ ಪುಟ್ಟ ಗರಗಸ ನೋಡಲು ಮುದ್ದಾಗಿದ್ದರೂ ಅದು ಹಗ್ಗ ಕಟ್ಟಿಕೊಂಡು ಮರವೇರುವ ನುರಿತವರಿಗಾಗಿ ಮಾಡಿದುದು. ಒಂದೇ ಕೈಯಿಂದ ನಡೆಸುವ ಮೋಹಕ್ಕೆ ಅದು ಎಡೆಕೊಡುತ್ತದೆ. ನೆಲದ ಮೇಲೆ ನಿಂತು ಕೆಲಸ ಮಾಡುವ ಗೃಹಸ್ಥನಿಗೆ ಹಿಂದೆ ಹಿಡಿಯಿರುವುದೇ ಲೇಸು.

ಚಿಕ್ಕೋಡಿಯ ಕಡೆಗೆ ಹೊರಳಿದಾಗ ಹಾದಿಯ ಬದಿಯ ಹುಣಸೆ, ಬೇವುಗಳ ಕೊಂಬೆಗಳನ್ನು ಕಣ್ಣಳತೆಯಿಂದ ಅಳೆಯಿರಿ. ಸವರಬೇಕಾದ ಕೊಂಬೆ ಒಂಬತ್ತು ಹತ್ತು ಅಂಗುಲಕ್ಕಿಂತ ದಪ್ಪವಿರುವುದು ಅಪರೂಪ. ಆದ್ದರಿಂದ ಹನ್ನೆರಡು ಹದಿನಾಲ್ಕು ಅಂಗುಲದ ಬಾರು ಧಾರಾಳವಾಯಿತು. ಉದ್ದ ಬಾರು ಭಾರವಷ್ಟೇ ಅಲ್ಲ. ಎಲೆಗಳ ಮರೆಯಲ್ಲಿ ಅದರ ತುದಿ ಮತ್ತೊಂದು ರೆಂಬೆಗೆ ತಗಲುವ ಸಂಭವ ಹೆಚ್ಚು. ತುದಿಯ ಮೇಲ್ಭಾಗ ತಗಲಿದ ಕ್ಷಣದಲ್ಲಿಯೇ ಗರಗಸ ನಡೆಸುವವನ ಮುಖದತ್ತ ಚಿಮ್ಮುತ್ತದೆ. ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕು ಇಲ್ಲದ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಹೂಡಿಕೊಂಡು ಬರುವುದುಂಟು. ಕೀಲೆಣ್ಣೆಯಿಲ್ಲದ ಚಕ್ಕಡಿ ದೂರ ಸಾಗದೆಂಬುದು ಅವರೆಲ್ಲರಿಗೂ ಗೊತ್ತು. ಪೆಟ್ರೋಲು ಗರಗಸಕ್ಕೆ ಎರಡು ಬಗೆಯ ಎಣ್ಣೆ ಬೇಕು. ಒಂದು ಪೆಟ್ರೋಲಿನೊಡನೆ ಬೆರೆಸುವುದು. ಐವತ್ತಕ್ಕೆ ಒಂದರ ಪ್ರಮಾಣವಾದರೆ ಲೀಟರಿಗೆ 20 ಮಿಲಿಲೀಟರು. ನಿಮ್ಮ ಯಂತ್ರಕ್ಕೆ ಯಾವ ಪ್ರಮಾಣವೆಂಬುದನ್ನು ಅದರ ಕೈಪಿಡಿಯಲ್ಲಿಯೇ ನೋಡಬೇಕು. ಇನ್ನೊಂದು ಬಾರಿನ ಮೇಲೆ ಓಡುವ ಚೈನಿಗೆ. ಇದರ ಬುರುಡೆ ಬೇರೆ. ಬ್ಯಾಟರಿಯ ಗರಗಸಕ್ಕೆ ಮೊದಲನೆಯದು ಬೇಡ, ಎರಡನೆಯದು ತಪ್ಪದು. ಓಡುವ ಚೈನಿನ ತುದಿಯನ್ನು ಒಂದು ಹಲಗೆಯತ್ತ ಹಿಡಿದಾಗ ಅದರ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿದರೆ ಎಣ್ಣೆ ಹರಿಯುತ್ತಿದೆಯೆಂದು ತಿಳಿಯಬೇಕು.

ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದರೆ ಉಗಾರ ಖುರ್ದ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಊರು. ಇದು ಕಾಗವಾಡ ತಾಲ್ಲೂಕು; ಎತ್ತ ನೋಡಿದರೂ ಕಬ್ಬು. 2019ರಲ್ಲಿಯೂ 2021ರಲ್ಲಿಯೂ ಕೃಷ್ಣೆ ಉಕ್ಕಿ ಈ ಹೊಲಗಳನ್ನು ಮುಳುಗಿಸಿದ್ದಳು. ನೆರೆ ಇಳಿದ ಮೇಲೆ ಮರದ ತೊಗಟೆಯ ಬಿರುಕುಗಳಲ್ಲಿ ರೇವೆಮಣ್ಣು ಉಳಿಯುತ್ತದೆ. ಅದನ್ನು ತೊಳೆಯದೆ ಗರಗಸವಿಟ್ಟರೆ ಹೊಸ ಚೈನು ಕೂಡ ಕ್ಷಣಮಾತ್ರದಲ್ಲಿ ಮೊಂಡಾಗುತ್ತದೆ. ಹುಡಿಯನ್ನು ನೋಡಿದರೆ ಚೈನಿನ ಸ್ಥಿತಿ ತಿಳಿಯುತ್ತದೆ: ಚಕ್ಕೆಚಕ್ಕೆಯಾಗಿ ಬಿದ್ದರೆ ಹರಿತ, ಹಿಟ್ಟಿನಂತೆ ಉದುರಿದರೆ ಮೊಂಡು. ಸಣ್ಣ ಗರಗಸಗಳ ಸಾಮಾನ್ಯ ಚೈನಿಗೆ 4 ಮಿಲಿಮೀಟರಿನ ದುಂಡು ಅರ ಹಿಡಿದು, 30 ಅಂಶದ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಪ್ರತಿ ಹಲ್ಲಿಗೂ ಸಮನಾಗಿ ಉಜ್ಜಬೇಕು.

ಬಿಗಿ ಮಾಡುವಾಗ ಯಂತ್ರ ನಿಂತಿರಲಿ, ಕೈಯಲ್ಲಿ ಕೈಚೀಲವಿರಲಿ. ಬಾರಿನ ಮೇಲಂಚಿನಲ್ಲಿ ಹಲ್ಲುಗಳ ಮುಖ ತುದಿಯ ಕಡೆಗಿರಬೇಕು. ನಟ್ಟುಗಳನ್ನು ಸಡಿಲಿಸಿ, ಬಾರಿನ ತುದಿಯನ್ನು ಮೇಲೆತ್ತಿ ಹಿಡಿದು, ಕೆಳಗೆ ಚೈನು ಜೋಲದಷ್ಟು ತಿರುಪು ತಿರುಗಿಸಿ, ಎತ್ತಿ ಹಿಡಿದಂತೆಯೇ ನಟ್ಟು ಬಿಗಿಯಬೇಕು. ಕೈಯಿಂದ ಎಳೆದರೆ ಚೈನು ಸರಾಗವಾಗಿ ಜಾರಬೇಕು. ಹೊಸ ಚೈನು ಬೇಗ ಹಿಗ್ಗುವುದರಿಂದ ನಾಲ್ಕಾರು ಕೊಯ್ತವಾದೊಡನೆ ಮತ್ತೆ ನೋಡಬೇಕು.

ಅಥಣಿಯನ್ನು ಸೇರಿದಾಗ ಚರ್ಮದ ವಾಸನೆ ಸ್ವಾಗತಿಸುತ್ತದೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳು ಇಲ್ಲಿಯೂ ತಯಾರಾಗುತ್ತವೆ. 2019ರಲ್ಲಿ ಅವಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಗೂ ಪಾಲುಂಟು. ಆ ಚರ್ಮವನ್ನು ಹದಮಾಡುವ ಸಾಂಪ್ರದಾಯಿಕ ವಸ್ತುಗಳು ಜಾಲಿಯ ತೊಗಟೆ ಮತ್ತು ಅಳಲೆಕಾಯಿ. ಒಡ್ಡಿನ ಮೇಲಿನ ಮುಳ್ಳುಮರವನ್ನು ಕೇವಲ ಬೆಳೆಗೆ ಅಡ್ಡಿಯೆಂದು ಎಣಿಸುವವನು ಒಮ್ಮೆ ತನ್ನ ಕಾಲನ್ನು ನೋಡಿಕೊಳ್ಳಬೇಕು.

ಆತಂಕದ ಮಾತು ಇಲ್ಲಿಯೇ ಇದೆ. ಕೊಡಲಿಗೆ ಅರ್ಧ ದಿನ ಹಿಡಿಯುತ್ತಿದ್ದ ಮರವನ್ನು ಗರಗಸ ಕೆಲವೇ ನಿಮಿಷಗಳಲ್ಲಿ ಉರುಳಿಸುತ್ತದೆ. ಕೊಡಲಿಯವನು ಬೆವರೊರೆಸಿಕೊಳ್ಳುತ್ತ, ಕಡಿಯಬೇಕೇ ಬೇಡವೇ ಎಂದು ಆಲೋಚಿಸಲು ಸಮಯವಿತ್ತು. ಯಂತ್ರ ಆ ಸಮಯವನ್ನು ಕೊಡದು. ಆಲೋಚನೆಯನ್ನು ಮೊದಲೇ ಮುಗಿಸಿರಬೇಕು. ಮರ ಕಡಿಯಲು ಅನುಮತಿ ಬೇಕೆಂದು ವಿಧಿಸುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯೂ ಆ ಬಿಡುವನ್ನೇ ಕೇಳುತ್ತದೆ.

ಸವರುವುದಕ್ಕೂ ಕ್ರಮವುಂಟು. ಬೊಡ್ಡೆಯಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ತುಸು ಕೊಯ್ದು, ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಬೇಕು. ತೊಗಟೆ ಸೀಳಿ ಹೋಗದು. ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಕೊಯ್ಯಬೇಕು. ಆ ಉಬ್ಬೇ ಮುಂದೆ ಗಾಯವನ್ನು ಮುಚ್ಚುವುದು. ಏಣಿಯ ಮೇಲೆ ನಿಂತು ಯಂತ್ರ ನಡೆಸಬಾರದು. ಎತ್ತರದ ರೆಂಬೆಗೆ ದೋಟಿಯಂತೆ ಉದ್ದ ಕೋಲಿನ ಗರಗಸವಿದೆ. ತಂತಿಗೆ ತಗಲಿದ ಕೊಂಬೆಯನ್ನು ಹೆಸ್ಕಾಂನವರಿಗೆ ಬಿಡಬೇಕು. ಕಣ್ಣು, ಕಿವಿ, ತಲೆ, ಕಾಲುಗಳಿಗೆ ರಕ್ಷೆ ಧರಿಸುವುದು ಗರಗಸದ ಬೆಲೆಯೊಳಗೇ ಸೇರಿದ ಖರ್ಚೆಂದು ತಿಳಿಯಬೇಕು.

ಅಥಣಿಯ ಆಚೆ, ವಿಜಾಪುರದ ಕಡೆಗೆ ಸಾಗಿದಂತೆ ಕಬ್ಬು ಹಿಂದುಳಿದು ಬಯಲು ಒಣಗುತ್ತದೆ. ಮರಗಳ ನಡುವಣ ಅಂತರ ಇನ್ನೂ ಹೆಚ್ಚುತ್ತದೆ. ಬಿಸಿಲಿನಲ್ಲಿ ದುಡಿದವರು ಬುತ್ತಿ ಬಿಚ್ಚಲು ಆಶ್ರಯಿಸುವುದು ಅಂಥ ಒಂಟಿಮರದ ನೆರಳನ್ನೇ. ಒಳ್ಳೆಯ ಗರಗಸವನ್ನು ಆರಿಸಿ ಹದವಾಗಿ ಸಜ್ಜುಗೊಳಿಸಿದವನು, ಕೆಲಸ ಮುಗಿದ ಮೇಲೂ ಆ ನೆರಳು ಅಲ್ಲಿಯೇ ಇರುವಂತೆ ನೋಡಿಕೊಂಡರೆ ಅವನ ಹಣ ಸಾರ್ಥಕವಾಯಿತು.