ಉದ್ರಿ ವಹಿ, ಎರಡು ಸರ್ವರ್ (ಭಾಗ 6)

ಫೋಟೋ ಜೂಮ್ ಮಾಡಿ ನೋಡ್ರಿ. ಉಬ್ಬಿರೋ ಈ ವಹಿ ಶಿರಗುಪ್ಪಿಯ ನಮ್ಮ ಕಿರಾಣಿ ಅಂಗಡೀದು. ಹೋದ ಮಳೆಗಾಲ ತಗಡು ಸೋರಿ ಶಾಯಿ ಹರಡಿತು, ಅರ್ಧ ಊರಿನ ಉದ್ರಿ ಹೋತು. 'ಅವರವರಿಗೆ ನೆನಪಿರತೈತಿ' ಅಂದ ಅಪ್ಪ. ಕೆಲವರಿಗೆ ಇರಲಿಲ್ಲ.

ಆಮೇಲೆ ಮನೆಯಲ್ಲಿ ಇನ್ನೊಂದು ವಹಿ ಇಟ್ಟೆ, ದಿನಾ ರಾತ್ರಿ ನಕಲು. ಬ್ಯಾಂಕಿನ ಸರ್ವರ್‌ಗಳು ಮಾಡೋದೂ ಇದನ್ನೇ, ರೆಪ್ಲಿಕೇಶನ್ ಅಂತಾರ. ನನ್ನದು ಅಸಿಂಕ್ರೊನಸ್: ಸಂಜೆ ವಹಿ ತೊಯ್ದರ ಆ ದಿನದ ಲೆಕ್ಕ ಹೋತು. ಸಿಂಕ್ರೊನಸ್ ಅಂದ್ರ ಎರಡೂ ಕಡೆ ಬರೆದಾದ ಮ್ಯಾಲೇ ಗಿರಾಕಿಗೆ 'ಆತು' ಅನ್ನೋದು. ಲೆಕ್ಕ ಕಳೆಯಂಗಿಲ್ಲ, ಆದರ ಗಿರಾಕಿ ಕಾಯಬೇಕು.

ನಕಲು ಇದ್ದರ ಸಾಲದು, ಅದರ ಮ್ಯಾಲೆ ಕೆಲಸ ನಡೆಸಿ ನೋಡಬೇಕು. 2024ರ ಮಾರ್ಚ್ 2, ಶನಿವಾರ, ಎನ್‌ಎಸ್‌ಇ, ಬಿಎಸ್‌ಇ ಅದಕ್ಕಂತಲೇ ಬಾಗಿಲು ತೆರೆದವು. ಮೊದಲು ಮುಖ್ಯ ಸೈಟ್‌ನಲ್ಲಿ ವಹಿವಾಟು, ಆಮೇಲೆ ಡಿಸಾಸ್ಟರ್ ರಿಕವರಿ ಸೈಟ್‌ನಲ್ಲಿ.

ಎಲ್ಲಕ್ಕಿಂತ ಕೆಟ್ಟದ್ದು ಸ್ಪ್ಲಿಟ್ ಬ್ರೇನ್. ನಡುವಿನ ಸಂಪರ್ಕ ಕಡಿದಾಗ 'ಆ ಕಡೆಯಂವ ಸತ್ತ, ಇನ್ನು ನಾನೇ ಮುಖ್ಯ' ಅಂತ ಎರಡೂ ಸರ್ವರ್ ಬರೆಯೋಕೆ ಶುರು ಮಾಡತಾವ. ನಮ್ಮಲ್ಲೂ ಆತು. ಪರೀಕ್ಷೆ ಅಂತ ನಾನು ವಾರ ಹುಬ್ಬಳ್ಳಿಯಲ್ಲಿದ್ದೆ. ಅಪ್ಪ ಅಂಗಡಿ ವಹಿಯಲ್ಲಿ ಬರೆದ, ಮನೆಗೆ ಬಂದು ಕೊಟ್ಟವರದ್ದು ಅವ್ವ ಮನೆ ವಹಿಯಲ್ಲಿ. ಓಣಿಯ ಕಾಕಾನ 340 ರೂಪಾಯಿ ಒಂದರಾಗ ಜಮಾ, ಇನ್ನೊಂದರಾಗ ಬಾಕಿ.

ಅದಕ್ಕೇ ಕ್ಲಸ್ಟರ್‌ನಾಗ ಮೂರನೇ ಸಾಕ್ಷಿ ಇಡತಾರ, ಬಹುಮತ ಇದ್ದ ಕಡೆಗಷ್ಟೇ ಬರೆಯೋ ಹಕ್ಕು. ನಮ್ಮ ಸಾಕ್ಷಿ ಎಂಟನೇ ಕ್ಲಾಸಿನ ತಂಗಿ. ಅಕೀ ಹೂಂ ಅನ್ನದ ಮನೆ ವಹಿ ತೆರೆಯಂಗಿಲ್ಲ.

ಕಾಕಾ ರೊಕ್ಕ ಕೊಟ್ಟಿದ್ದು ಖರೇನ. ಆದರ ಅಷ್ಟೊತ್ತಿಗೆ ಅಪ್ಪ ನಾಕು ಮಂದಿ ಮುಂದ ಕೇಳಿಬಿಟ್ಟಿದ್ದ. ಅವರು ಈಗ ನಮ್ಮ ಅಂಗಡಿಗೆ ಬರೋದಿಲ್ಲ.