ನಮ್ಮ ಕುಕ್ಕೆಯ ಯಾತ್ರೆ

ಹಾಸನದಿಂದ ಪಡುಗಡಲಿನ ಕಡೆಗೆ ಹೊರಟ ರೈಲುಬಂಡಿಯು ಸಕಲೇಶಪುರವನ್ನು ಬಿಟ್ಟಿತೆಂದರೆ, ಪ್ರಯಾಣಿಕರೆಲ್ಲರೂ ತಮ್ಮ ತಮ್ಮ ಸ್ಥಾನಗಳನ್ನು ತೊರೆದು ಕಿಟಕಿಗಳ ಬಳಿ ನೆರೆಯುವುದು ವಾಡಿಕೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರುಗಳ ಘಟ್ಟದ ದಾರಿಯಲ್ಲಿ 57 ಸುರಂಗಗಳೂ ನೂರಕ್ಕೆ ಮೇಲ್ಪಟ್ಟು ಸೇತುವೆಗಳೂ ಇರುವುವು. ಐವತ್ತಡಿ ಮುಂದೆ ಸರಿಯುವಷ್ಟರಲ್ಲಿ ಒಂದಡಿ ಕೆಳಕ್ಕಿಳಿಯುವ ದಾರಿಯಾದುದರಿಂದ ಬಂಡಿಯು ತುಂಬಿದ ಬಸುರಿಯಂತೆ ಮೆಲ್ಲಮೆಲ್ಲನೆ ಹೆಜ್ಜೆಯಿಡುವುದು. ಎಡಕುಮೇರಿ, ಸಿರಿಬಾಗಿಲು ಮೊದಲಾದ ನಿಲ್ದಾಣಗಳ ಸುತ್ತಲೂ ಕಾಡಲ್ಲದೆ ಬೇರೇನೂ ಕಾಣಿಸದು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ತಳ ಕಾಣದ ಕಣಿವೆ. ನಡುವೆ ಎಲ್ಲಿಯೋ ಬೀಳುವ ನೀರಿನ ಸದ್ದು.

2023ನೆಯ ಇಸವಿಯ ಪುಷ್ಯಮಾಸದಲ್ಲಿ ನಾವು ಈ ದಾರಿಯಲ್ಲಿ ಹೊರಟಿದ್ದೆವು. ನಾವೆಂದರೆ ನಮ್ಮ ಅತ್ತೆಯವರು, ನಮ್ಮ ಯಜಮಾನರು ಮತ್ತು ಈ ಲೇಖನವನ್ನು ಬರೆಯುವವರು. ನಮ್ಮ ಡಬ್ಬಿಯ ದೀಪಗಳು ಕೆಟ್ಟಿದ್ದುವು. ಸುರಂಗವನ್ನು ಹೊಕ್ಕಾಗಲೆಲ್ಲ ಹುಡುಗರು ಕೂಗೆಬ್ಬಿಸುತ್ತಿದ್ದರು. ಆ ಕೂಗಿನ ಮರೆಯಲ್ಲಿ ಇನ್ನೊಂದು ಸದ್ದು ನಮ್ಮ ಕಿವಿಗೆ ಮಾತ್ರ ಬೀಳುತ್ತಿತ್ತು. ಅದು ನಮ್ಮ ಯಜಮಾನರು ತೋಳು ಕೆರೆದುಕೊಳ್ಳುವ ಸದ್ದು. ಬೆಳಕು ಬಂದೊಡನೆ ಅವರ ಕೈ ಏನನ್ನೂ ಅರಿಯದ ಮಗುವಿನಂತೆ ತೊಡೆಯ ಮೇಲೆ ಬಂದು ಕುಳಿತಿರುತ್ತಿತ್ತು. ಕೊನೆಯ ಸುರಂಗವೂ ಮುಗಿದಾಗ ಅವರು ನಗುತ್ತ, "ಇನ್ನೂ ನಾಲ್ಕು ಇದ್ದಿದ್ದರೆ ಚೆನ್ನಾಗಿತ್ತು" ಎಂದರು. ನಮಗೆ ನಗು ಬರಲಿಲ್ಲ.

ಅವರನ್ನು ಹನ್ನೊಂದು ವರ್ಷಗಳಿಂದ ಕಾಡುತ್ತಿದ್ದ ವ್ಯಾಧಿಗೆ ವೈದ್ಯರು ಸೋರಿಯಾಸಿಸ್ ಎನ್ನುವರು. ಆಯುರ್ವೇದದಲ್ಲಿ ಹೇಳಿರುವ ಹದಿನೆಂಟು ಬಗೆಯ ಕುಷ್ಠಗಳಲ್ಲಿ ಏಕಕುಷ್ಠ, ಕಿಟಿಭ ಎಂಬವುಗಳ ಲಕ್ಷಣಗಳು ಇದಕ್ಕೆ ಸಮೀಪವಾಗಿವೆ. ಆ 'ಕುಷ್ಠ'ವೆಂಬ ಹೆಸರೊಂದೇ ಸಂಸಾರಗಳಿಗೆ ಮಾಡಿರುವ ಕೇಡು ಅಷ್ಟಿಷ್ಟಲ್ಲ. ಯೂರೋಪಿನಲ್ಲಿಯೂ ಇದನ್ನು ಕುಷ್ಠರೋಗದೊಡನೆ ಬಹುಕಾಲ ಬೆರೆಸಿಬಿಟ್ಟಿದ್ದರು. 1841ರಲ್ಲಿ ವಿಯೆನ್ನಾ ನಗರದ ಹೆಬ್ರಾ ಎಂಬ ವೈದ್ಯನು ಇವೆರಡನ್ನೂ ಬೇರ್ಪಡಿಸಿದನು. ಇದು ಅಂಟುಜಾಡ್ಯವಲ್ಲ. ಆರೋಗ್ಯವಂತರ ಚರ್ಮದ ಮೇಲ್ಪದರವು ಸುಮಾರು ನಾಲ್ಕು ವಾರಗಳಲ್ಲಿ ಹೊಸದಾಗುವುದಾದರೆ, ಈ ವ್ಯಾಧಿಯುಳ್ಳವರಲ್ಲಿ ಕೆಲವೇ ದಿನಗಳಲ್ಲಿ ಹೊಸ ಪದರವು ಮೇಲೆ ಬಂದುಬಿಡುವುದು. ಹಳೆಯದು ಉದುರಲು ಸಮಯವಿಲ್ಲದೆ ಬೆಳ್ಳಿಯ ಬಣ್ಣದ ಹೊಟ್ಟಾಗಿ ಕೆಂಪು ಮಚ್ಚೆಯ ಮೇಲೆ ಪದರಪದರವಾಗಿ ಕೂಡಿಕೊಳ್ಳುವುದು. ಮೈಯನ್ನು ಕಾಯಬೇಕಾದ ರಕ್ಷಣಶಕ್ತಿಯೇ ಹಾದಿತಪ್ಪಿ ಚರ್ಮವನ್ನು ಹೀಗೆ ಅವಸರಪಡಿಸುವುದೆಂದು ಬಲ್ಲವರು ಹೇಳುವರು.

ಪುಸ್ತಕದ ಮಾತು ಇಷ್ಟೇ. ಮನೆಯ ಮಾತು ಬೇರೆ. ಪ್ರತಿದಿನ ಪ್ರಾತಃಕಾಲದಲ್ಲಿ ಹಾಸಿಗೆಯನ್ನು ಕೊಡವಿ, ಮಂಚದ ಕೆಳಗೆ ಬಿದ್ದ ಹೊಟ್ಟನ್ನು ಯಾರೂ ಏಳುವ ಮುನ್ನ ಗುಡಿಸಿ ತೆಗೆಯುವುದು ನಮ್ಮ ಮೊದಲನೆಯ ಕೆಲಸವಾಗಿತ್ತು. ಎಣ್ಣೆ, ಮುಲಾಮುಗಳ ಕಲೆ ಹೋಗದೆ ದುಪ್ಪಟಿಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದುವು. ಉದುರುವ ಹೊಟ್ಟು ಎದ್ದು ಕಾಣುವುದೆಂದು ಯಜಮಾನರು ಕಪ್ಪು ಕೋಟನ್ನು ಬಿಟ್ಟರು; ಕ್ಷೌರದಂಗಡಿಯವನು ಒಮ್ಮೆ ಮುಖ ತಿರುಗಿಸಿದ ಮೇಲೆ ಮನೆಯಲ್ಲಿಯೇ ಕ್ಷೌರ ಮಾಡಿಕೊಳ್ಳತೊಡಗಿದರು. ಮದುವೆಯ ಪಂಕ್ತಿಗಳಲ್ಲಿ ಅವರ ಪಕ್ಕದ ಎಲೆ ಬಹಳ ಹೊತ್ತು ಖಾಲಿಯಾಗಿರುತ್ತಿತ್ತು. ನಮ್ಮ ಮಗಳನ್ನು ನೋಡಲು ಬಂದವರೊಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಯಜಮಾನರಿಗೆ ಇರುವುದು ಮಕ್ಕಳಿಗೂ ಬರುತ್ತದೆಯೆ?" ಎಂದು ಕೇಳಿದರು. ವಂಶದಲ್ಲಿದ್ದರೆ ಬರುವ ಸಂಭವವು ಸ್ವಲ್ಪ ಹೆಚ್ಚು, ಬರಲೇಬೇಕೆಂಬ ನಿಯಮವಿಲ್ಲವೆಂದು ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಮತ್ತೆ ಬರಲಿಲ್ಲ.

ಔಷಧಗಳ ಕಥೆಯನ್ನು ಬರೆದರೆ ಒಂದು ಪುರಾಣವಾದೀತು. ಅದರಲ್ಲಿ ಒಂದನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ದೂರದ ಊರಿನವರೊಬ್ಬರು ಕೊಟ್ಟ ಹೆಸರಿಲ್ಲದ ಪುಡಿಯ ಪೊಟ್ಟಣಗಳಿಂದ ಹದಿನೈದೇ ದಿವಸಗಳಲ್ಲಿ ಮೈ ಹಾಲಿನಂತೆ ನುಣುಪಾಯಿತು. ಮನೆಯಲ್ಲಿ ಸತ್ಯನಾರಾಯಣ ವ್ರತವನ್ನು ಮಾಡಿ ನೂರು ಜನಕ್ಕೆ ಊಟ ಹಾಕಿದೆವು. ಎಂಟು ತಿಂಗಳಾದ ಮೇಲೆ ಪುಡಿ ಸಿಕ್ಕದೆ ನಿಂತುಹೋಯಿತು. ನಿಂತ ಹತ್ತನೆಯ ದಿನದಲ್ಲಿ ಅಂಗಾಲಿನಿಂದ ನೆತ್ತಿಯವರೆಗೆ ಚರ್ಮವು ಬೆಂದಂತೆ ಕೆಂಪಗಾಗಿ, ಬೇಸಗೆಯ ಮಧ್ಯಾಹ್ನದಲ್ಲಿ ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನಗಳು ಕಳೆದುವು. ಅಲ್ಲಿಂದ ಬಂದ ಮೇಲೆ ಯಜಮಾನರು, "ಇನ್ನು ಯಾವ ವೈದ್ಯನೂ ಬೇಡ" ಎಂದು ಹಟ ಹಿಡಿದರು. ಹಾವಿನ ಪೊರೆಯಂತೆ ಮೈ ಸುಲಿಯುವುದನ್ನು ಕಂಡ ಅತ್ತೆಯವರು, ಇದು ನಾಗದೋಷವೇ ಸರಿಯೆಂದು ಕುಕ್ಕೆಗೆ ಹರಕೆ ಹೊತ್ತರು.

ನಿಲ್ದಾಣದಿಂದ ಕ್ಷೇತ್ರಕ್ಕೆ ಸುಮಾರು 12 ಕಿಲೋಮೀಟರು. ದಾರಿಯುದ್ದಕ್ಕೂ ಅಡಕೆಯ ತೋಟಗಳು. ಹಾಸನದ ಒಣಚಳಿಯಲ್ಲಿ ಬಿರಿದಿದ್ದ ಚರ್ಮಕ್ಕೆ ಘಟ್ಟದ ಕೆಳಗಿನ ತೇವದ ಗಾಳಿಯು ತಾಕಿದ್ದೇ ಒಂದು ಉಪಚಾರವಾಯಿತು. ಊರಿನ ಹಿಂದೆ ಕುಮಾರಪರ್ವತವು ಮೋಡವನ್ನು ಹೊದ್ದು ನಿಂತಿರುವುದು. ಈ ದೇವಾಲಯದಲ್ಲಿ ಭಕ್ತರು ಹಿಂಬದಿಯ ಬಾಗಿಲಿನಿಂದ ಒಳಹೊಕ್ಕು ಸುತ್ತುಬಂದು ದೇವರ ಎದುರಿಗೆ ನಿಲ್ಲುವರು. ಎದುರಿಗೆ ಬೆಳ್ಳಿಯ ಹೊದಿಕೆಯ ಗರುಡಗಂಬವುಂಟು. ಒಳಗಿರುವ ವಾಸುಕಿಯ ವಿಷದ ಉಸಿರು ಭಕ್ತರಿಗೆ ತಾಕದಂತೆ ಅದನ್ನು ನಿಲ್ಲಿಸಿರುವುದೆಂದು ಐತಿಹ್ಯ.

ಪುರುಷರು ಅಂಗಿಯನ್ನು ತೆಗೆದು ಒಳಗೆ ಹೋಗಬೇಕೆಂಬುದು ಅಲ್ಲಿಯ ಪದ್ಧತಿ. ಇದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ಆ ಗಳಿಗೆ ಬರುವ ತನಕ ಮೂವರಲ್ಲಿ ಒಬ್ಬರೂ ಅದರ ಮಾತೆತ್ತಿರಲಿಲ್ಲ. ಬಾಗಿಲಿನ ಬಳಿ ಸಾಲು ಮುಂದೆ ಸರಿದಂತೆ ಯಜಮಾನರ ಕೈ ಕುತ್ತಿಗೆಯ ಗುಂಡಿಯವರೆಗೆ ಹೋಗಿ ಅಲ್ಲಿಯೇ ನಿಂತಿತು. "ಅಮ್ಮಾ, ನೀವು ಹೋಗಿಬನ್ನಿ" ಎಂದು ಹಣ್ಣುಕಾಯಿಯ ತಟ್ಟೆಯನ್ನು ತಾಯಿಯ ಕೈಗಿತ್ತು ಸಾಲಿನಿಂದ ಹೊರಬಿದ್ದರು. ಒಳಗೆ ಆಶ್ಲೇಷಾ ಬಲಿಯ ಸಂಕಲ್ಪದಲ್ಲಿ ಮಗನ ಹೆಸರು, ನಕ್ಷತ್ರ, ಗೋತ್ರಗಳನ್ನು ಅತ್ತೆಯವರು ಎರಡು ಬಾರಿ ಗಟ್ಟಿಯಾಗಿ ಹೇಳಿದರು. ಮಗನು ಹೊರಗೆ ಅಂಗಡಿಯ ಚಪ್ಪರದ ಕೆಳಗೆ ಕುಳಿತಿದ್ದನು.

ಮರುದಿನ ಇನ್ನೂ ಬೆಳಕು ಹರಿಯದಿರುವಾಗ ನಾವು ಕುಮಾರಧಾರೆಯ ಸ್ನಾನಘಟ್ಟಕ್ಕೆ ಹೋದೆವು. ಈ ನೀರಿನಲ್ಲಿ ಮಿಂದರೆ ಚರ್ಮವ್ಯಾಧಿಗಳು ನಿವಾರಣೆಯಾಗುವುವೆಂಬ ನಂಬಿಕೆಯು ಬಹುಕಾಲದ್ದು. ಆ ತಿಂಗಳಲ್ಲಿ ಹೊಳೆಯು ಇಳಿದು ಕಲ್ಲುಗಳ ನಡುವೆ ಸ್ವಚ್ಛವಾಗಿ ಹರಿಯುತ್ತಿರುವುದು. ಕತ್ತಲಿನ ಧೈರ್ಯದಿಂದ ಯಜಮಾನರು ಅಂಗಿಯನ್ನು ತೆಗೆದು ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತರು. ಸಣ್ಣ ಮೀನುಗಳು ಬಂದು ಕಾಲಿಗೆ ಮುತ್ತತೊಡಗಿದಾಗ, ಬಹುದಿನಗಳ ಮೇಲೆ ಅವರು ಗಟ್ಟಿಯಾಗಿ ನಕ್ಕದ್ದನ್ನು ಕೇಳಿದೆವು. ತುರ್ಕಿದೇಶದ ಕಾಂಗಾಲ್ ಎಂಬಲ್ಲಿ ಬಿಸಿನೀರಿನ ಚಿಲುಮೆಗಳಿದ್ದು, ಅವುಗಳಲ್ಲಿರುವ ಮೀನುಗಳು ಸೋರಿಯಾಸಿಸ್ ಉಳ್ಳವರ ಮೈಯ ಹೊಟ್ಟನ್ನು ಕಿತ್ತು ತಿನ್ನುವುವೆಂದೂ, ಅದಕ್ಕಾಗಿಯೇ ದೇಶದೇಶಗಳಿಂದ ಜನರು ಹೋಗುವರೆಂದೂ ಆಮೇಲೆ ಓದಿದೆವು. ಹೊಟ್ಟು ಹೋದರೆ ಹಿತವಾಗುವುದೇನೋ ನಿಜ. ಬೇರನ್ನು ಮೀನು ತಿನ್ನಲಾರದು.

ನಗುವಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಬೆಳಕು ಹರಿದುಬಿಟ್ಟಿತು. ಯಜಮಾನರು ತಡಬಡಿಸಿ ಮೆಟ್ಟಿಲನ್ನೇರುವಾಗ, ಮೇಲೆ ಕುಳಿತು ಪಂಚೆ ಹಿಂಡುತ್ತಿದ್ದ ಐವತ್ತರ ಪ್ರಾಯದ ಒಬ್ಬರು ಅವರ ಬೆನ್ನನ್ನು ನೆಟ್ಟಗೆ ನೋಡಿದರು. ನಮ್ಮ ಎದೆ ಹೊಡೆದುಕೊಂಡಿತು. ಆ ಮಹನೀಯರಾದರೋ ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿದರು. ಉಗುರುಗಳ ಮೇಲೆಲ್ಲ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು!

"ನನಗೂ ಉಂಟು ಮಾರಾಯ್ರೆ, ಹದಿನೆಂಟು ವರ್ಷ ಆಯ್ತು" ಎಂದರು.

ಅವರು ಸುಳ್ಯದ ಕಡೆಯ ತೋಟದವರು. ಮೊಣಕೈಯಲ್ಲಿ ಎರಡು ಕಾಸಿನಗಲದ ಮಚ್ಚೆಗಳನ್ನು ಬಿಟ್ಟರೆ ಅವರ ಮೈ ನಿರ್ಮಲವಾಗಿತ್ತು. ಅತ್ತೆಯವರು ಕೈಮುಗಿದು, "ಇಲ್ಲಿ ಏನು ಸೇವೆ ಮಾಡಿಸಿದಿರಪ್ಪ?" ಎಂದು ಕೇಳಿದರು.

"ಸೇವೆ ಎಲ್ಲ ಮಾಡಿಸಿದ್ದೇನೆ ಅಮ್ಮ, ಈಗಲೂ ವರ್ಷಕ್ಕೊಮ್ಮೆ ಬರ್ತೇನೆ. ಮದ್ದು ಮಂಗಳೂರಲ್ಲಿ. ದೇವರು ಬೇಡ ಅಂತ ಹೇಳಲಿಲ್ಲವಲ್ಲ? ನಾನೂ ಮೂರು ವರ್ಷ ಆ ಬಾಗಿಲ ಹೊರಗೇ ನಿಂತವ."

ಕಲ್ಲಿನ ಮೇಲೆ ಕುಳಿತು ಒಂದು ಗಂಟೆಯ ಕಾಲ ಅವರಿಬ್ಬರೂ ಮಾತಾಡಿದರು. ಕೆರೆಯಬಾರದು, ಕೆರೆದಲ್ಲಿಯೇ ಹೊಸ ಮಚ್ಚೆ ಏಳುವುದು. ಚಳಿಗಾಲದಲ್ಲಿ ಮಿಂದೊಡನೆ, ಮೈ ಪೂರ್ತಿ ಒಣಗುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಬೇಕು. ಪುಡಿಯ ಪೊಟ್ಟಣದ ಕಡೆಗೆ ತಿರುಗಿಯೂ ನೋಡಬಾರದು. ಇವೆಲ್ಲ ವೈದ್ಯರು ನಮಗೆ ಹಿಂದೆ ಹೇಳದ ಮಾತುಗಳೇನೂ ಅಲ್ಲ. ಆದರೆ ಅದೇ ಬೇನೆಯನ್ನು ಉಂಡವರ ಬಾಯಿಂದ ಬಂದಾಗ ಯಜಮಾನರು ತಲೆದೂಗಿ ಕೇಳುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಅವರು ತಮ್ಮಂಥ ಇನ್ನೊಬ್ಬರನ್ನು ಕಂಡದ್ದು ಅದೇ ಮೊದಲು.

ಊರಿಗೆ ಹಿಂದಿರುಗಬೇಕಾಗಿದ್ದ ನಾವು ಆ ದಿನವೇ ಮಂಗಳೂರಿನ ಬಸ್ಸನ್ನು ಹತ್ತಿದೆವು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವಳು; ಮಂಗಳೂರಿನಲ್ಲಿ ಸೇತುವೆಯ ಮೇಲಿಂದ ಹಿರಿಯ ಹೊಳೆಯನ್ನು ತೋರಿಸಿ ಅತ್ತೆಯವರು, "ನಾವು ಮಿಂದ ನೀರು ನಮಗಿಂತ ಮೊದಲೇ ಬಂದಿದೆ" ಎಂದರು.

ಆಸ್ಪತ್ರೆಯ ವೈದ್ಯೆಯು ನಮ್ಮ ಮಗಳ ವಯಸ್ಸಿನವರು. ರೋಗಿಯ ಅಂಗೈಯಗಲವು ಮೈಯ ಮೇಲ್ಭಾಗದಲ್ಲಿ ನೂರರಲ್ಲೊಂದು ಪಾಲು ಎಂಬ ಲೆಕ್ಕದಿಂದ ಎಣಿಸುತ್ತ ಬಂದು, ಮೂವತ್ತಕ್ಕೆ ನಿಲ್ಲಿಸಿದರು. ಹತ್ತನ್ನು ಮೀರಿದರೆ ಬರಿಯ ಮುಲಾಮಿನಿಂದ ಸಾಗುವುದು ಕಷ್ಟವಂತೆ. ಬೆಳಗ್ಗೆ ಏಳುವಾಗ ಬೆರಳಿನ ಕೀಲುಗಳು ಬಿಗಿದಿರುವುವೆ ಎಂದು ಕೇಳಿದರು. ಇದೇ ವ್ಯಾಧಿಯು ಕೆಲವರಲ್ಲಿ ಕೀಲುಗಳಿಗೂ ಹೋಗುವುದುಂಟು. ಪುಡಿಯ ಕಥೆಯನ್ನು ಕೇಳಿ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕೆಂದೂ, ಅದನ್ನು ಥಟ್ಟನೆ ನಿಲ್ಲಿಸಿದರೆ ಮೈ ಹೀಗೆಯೇ ಸಿಡಿದೇಳುವುದೆಂದೂ ತಿಳಿಸಿದರು. ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸಿದ ಮೇಲೆ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಬರೆದುಕೊಟ್ಟು, ಚೀಟಿಯ ಮೇಲೆ ಕೆಂಪು ಮಸಿಯಿಂದ 'ವಾರಕ್ಕೆ ಒಂದೇ ದಿನ, ಭಾನುವಾರ' ಎಂದು ಎರಡು ಗೆರೆ ಎಳೆದರು. ಇದನ್ನು ತಿಳಿಯದೆ ದಿನದಿನವೂ ನುಂಗಿದವರು ಪ್ರಾಣಕ್ಕೆ ಎರವಾದದ್ದುಂಟು. ಈ ಮಾತ್ರೆಯಿರುವ ಮನೆಯವರೆಲ್ಲರೂ ಇದನ್ನು ನೆನಪಿನಲ್ಲಿಡತಕ್ಕದ್ದು. ಬಸುರಿಯರಿಗೂ ಮದ್ಯಪಾನಿಗಳಿಗೂ ಇದು ಸಲ್ಲದು.

ಈ ಜಾತಿಯ ಔಷಧಗಳು ಹುಟ್ಟಿದ ಅಮೆರಿಕದ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಾಯಕತ್ವ ವಹಿಸಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು. ಅವರು 1948ರಲ್ಲಿ ತೀರಿಕೊಂಡರು. ಅಲ್ಲಿಯ ಔಷಧವು ಸೋರಿಯಾಸಿಸನ್ನು ತಗ್ಗಿಸುವುದೆಂದು ವೈದ್ಯರು ಪ್ರಕಟಿಸಿದ್ದು 1951ರಲ್ಲಿ. ಇದಕ್ಕೂ ಬಗ್ಗದವರಿಗೆ ಚುಚ್ಚುಮದ್ದುಗಳಿವೆ; ಅವುಗಳಲ್ಲೊಂದನ್ನು 2013ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯವರೇ ಹೊರತಂದರು. ಬೆಲೆ ಮಾತ್ರ ನಮ್ಮಂಥವರ ಎದೆ ನಡುಗಿಸುವಂಥದು.

ಮಾತ್ರೆಯೊಡನೆ ವಾರಕ್ಕೆ ಮೂರು ಬಾರಿ ದೀಪದ ಪೆಟ್ಟಿಗೆಯೊಳಗೆ ನಿಲ್ಲಬೇಕೆಂದರು. ಬಿಸಿಲಿನ ಕಿರಣಗಳಲ್ಲಿ ಈ ಚರ್ಮಕ್ಕೆ ಹಿತವಾದ ಸಣ್ಣದೊಂದು ಪಾಲನ್ನಷ್ಟೇ, 311 ನ್ಯಾನೋಮೀಟರಿನ ಆಸುಪಾಸಿನದನ್ನು, ಆರಿಸಿ ಕೊಡುವ ದೀಪಗಳವು. ಸಮುದ್ರಮಟ್ಟಕ್ಕಿಂತ 400 ಮೀಟರುಗಳಿಗೂ ಕೆಳಗಿರುವ ಮೃತಸಮುದ್ರದ ದಡದಲ್ಲಿ ಈ ರೋಗಿಗಳು ವಾರಗಟ್ಟಲೆ ಬಿಸಿಲು ಕಾಯುವರಷ್ಟೆ. ಅದನ್ನೇ ಇಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಕೊಡುವರು. ಕೃಷ್ಣನ ಮಗನಾದ ಸಾಂಬನು ಸೂರ್ಯನನ್ನು ಆರಾಧಿಸಿ ಚರ್ಮರೋಗದಿಂದ ಮುಕ್ತನಾದನೆಂಬ ಕೋಣಾರ್ಕದ ಕಥೆಯನ್ನು ಅತ್ತೆಯವರು ವೈದ್ಯೆಗೆ ಹೇಳಿದರು. ಆಕೆ ಕೇಳಿ ಸಂತೋಷಪಟ್ಟು, "ಇಂಥ ದೀಪ ಹಾಸನದಲ್ಲಿಯೇ ಇದೆಯಮ್ಮ" ಎಂದು ಒಂದು ವಿಳಾಸವನ್ನು ಬರೆದುಕೊಟ್ಟರು. ನೋಡಿದರೆ ಅದು ನಮ್ಮ ಮನೆಯಿಂದ ಎರಡು ಫರ್ಲಾಂಗು ದೂರ! 57 ಸುರಂಗಗಳನ್ನು ದಾಟಿ ಬಂದು ನಮ್ಮ ಬೀದಿಯ ವಿಳಾಸವನ್ನು ಪಡೆದಂತಾಯಿತು.

"ಗುಣವಾಗುವುದೆ?" ಎಂದು ಯಜಮಾನರು ಕೇಳಿದರು.

"ಬೇರುಸಹಿತ ಹೋಗುವುದೆಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಬೇಡಿ. ಹಿಡಿತದಲ್ಲಿಡಬಹುದು, ಬಹಳ ಚೆನ್ನಾಗಿಯೇ ಇಡಬಹುದು" ಎಂದರು ಆಕೆ. ಹೊರಗೆ ಬಂದ ಮೇಲೆ ಯಜಮಾನರು, ಹನ್ನೊಂದು ವರ್ಷಗಳಲ್ಲಿ ಹಣ ಕೊಟ್ಟು ಕೇಳಿದ ಮೊದಲ ನಿಜವಾದ ಮಾತು ಇದೆಂದರು.

ಮುಂದಿನ ನಾಲ್ಕು ತಿಂಗಳುಗಳು ಸುಖದವಾಗಿರಲಿಲ್ಲ. ಮಾತ್ರೆಯ ಮರುದಿನ ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿ ಎರಡು ವಾರ ನಿಲ್ಲಿಸಬೇಕಾಯಿತು. ಆದರೂ ಬೆನ್ನು ಮೊದಲು ತಿಳಿಯಾಯಿತು, ಆಮೇಲೆ ತೋಳುಗಳು. ಮೊಣಕಾಲುಗಳು ಬಹಳ ಮೊಂಡು. ಒಂದು ಬೆಳಗ್ಗೆ ಪೊರಕೆಯನ್ನು ಹಿಡಿದು ಬಗ್ಗಿದಾಗ ಮಂಚದ ಕೆಳಗೆ ಗುಡಿಸಲು ಏನೂ ಇರಲಿಲ್ಲ. ಸುಮ್ಮನೆ ಅಲ್ಲಿಯೇ ಕುಳಿತುಬಿಟ್ಟೆವು.

ಮರುವರ್ಷದ ಜನವರಿಯಲ್ಲಿ ಹರಕೆಯ ಉಳಿದ ಭಾಗವನ್ನು ತೀರಿಸಲು ಮತ್ತೆ ಘಟ್ಟವನ್ನಿಳಿದೆವು. ಚಳಿಗೆ ಮೊಣಕೈಗಳಲ್ಲಿ ನಾಲ್ಕಾರು ಮಚ್ಚೆಗಳು ತಿರುಗಿ ಬಂದಿದ್ದುವು. ಬಾಗಿಲಿನ ಬಳಿ ಯಜಮಾನರು ಅಂಗಿಯನ್ನು ತೆಗೆದು, ನಾಲ್ಕು ಮಡಿಕೆಯಾಗಿ ಮಡಿಚಿ ನಮ್ಮ ಕೈಗೆ ಕೊಟ್ಟರು. ಮುಂದೆ ನಿಂತಿದ್ದ ಒಂದು ಮಗು ಅವರ ಮೊಣಕೈಯನ್ನು ಬೆರಳಿನಿಂದ ಮುಟ್ಟಿ, "ಇದೇನು ತಾತ?" ಎಂದಿತು. "ಮಚ್ಚೆ ಕಣೋ, ನಿನಗೇನೂ ಅಂಟುವುದಿಲ್ಲ" ಎಂದರು. ಮಗುವಿನ ತಾಯಿ ಒಂದು ಕ್ಷಣ ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು, ಮಗುವನ್ನು ಎಳೆದುಕೊಳ್ಳಲಿಲ್ಲ. ಸಾಲು ಮುಂದೆ ಸರಿಯಿತು.

ಆ ದಿನ ಭಾನುವಾರ. ರಾತ್ರಿ ವಸತಿಗೃಹದಲ್ಲಿ ಅತ್ತೆಯವರು ತಮ್ಮ ಚೀಲದಿಂದ ಪ್ರಸಾದದ ಪೊಟ್ಟಣವನ್ನೂ ಮಾತ್ರೆಯ ಹಾಳೆಯನ್ನೂ ಒಟ್ಟಿಗೆ ತೆಗೆದು, ಕನ್ನಡಕವನ್ನು ಏರಿಸಿಕೊಂಡು ಕೆಂಪು ಗೆರೆಯ ಚೀಟಿಯನ್ನು ಇನ್ನೊಮ್ಮೆ ಓದಿ, "ತಗೊಳ್ಳೋ, ನೀರು ಇಲ್ಲಿದೆ" ಎಂದರು.