ಒಗೆಯೋ ಕಲ್ಲಿನ ಕೆಳಗೆ

ಬಚ್ಚಲೊಲೆ ಮುಂದೆ ಕೂತರೆ ನನಗೆ ಈಗಲೂ 1994ರ ಬೇಸಿಗೆಯೇ ನೆನಪಾಗುತ್ತದೆ. ಆಗ ಬೆಂಗಳೂರಿನ ನಮ್ಮ ಬೀದಿಯಲ್ಲಿ ಬಾಗಿಲು ಬಾಗಿಲಿಗೂ ಸುಣ್ಣದಲ್ಲೋ ಇದ್ದಿಲಲ್ಲೋ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಪರಿಚಯದವರ ದನಿಯಲ್ಲೇ ದೆವ್ವ ಕೂಗುತ್ತದೆ, ಓಗೊಟ್ಟರೆ ಕತೆ ಮುಗಿಯಿತು, ಬರಹ ಓದಿಕೊಂಡರೆ ವಾಪಸು ಹೋಗುತ್ತದೆ ಎಂಬ ನಂಬಿಕೆ. ದೆವ್ವಕ್ಕೆ ಕನ್ನಡ ಓದಲು ಕಲಿಸಿದವರು ಯಾರೆಂದು ನಾವ್ಯಾರೂ ಕೇಳಲಿಲ್ಲ!

ಒಂದು ಸಂಜೆ ಮಾವ ಪೇಪರು ಮಡಚಿಕೊಂಡು ಬಂದ. ಒಲೆಗೆ ಸೌದೆ ನೂಕುತ್ತಿದ್ದ ಅಜ್ಜಿಗೆ, "ಅಮ್ಮಾ, ರಿಚ್ಮಂಡ್ ರೋಡಿನ ಬಂಗಲೆ ಹಿತ್ತಲು ಅಗೆದರಂತೆ. ಪೆಟ್ಟಿಗೆಯೊಳಗೆ ಬರೀ ಮೂಳೆ," ಅಂದ.

ಅದು ಶಕೀರೆ ಖಲೀಲಿಯವರ ಅಸ್ಥಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು. ಮೊದಲ ಗಂಡನಿಂದ ವಿಚ್ಛೇದನವಾದ ಮೇಲೆ, 1986ರಲ್ಲಿ ಸ್ವಾಮಿ ಶ್ರದ್ಧಾನಂದ ಅನ್ನಿಸಿಕೊಂಡಿದ್ದ ಮುರಳಿ ಮನೋಹರ ಮಿಶ್ರನನ್ನು ಮದುವೆಯಾಗಿದ್ದರು. 1991ರ ಬೇಸಿಗೆಯ ನಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗಳು ವಿಚಾರಿಸಿದಾಗಲೆಲ್ಲ ಅವನದು ಒಂದೊಂದು ಸಬೂಬು. ಕೊನೆಗೆ ಮಗಳು ಪೊಲೀಸರಿಗೆ ದೂರು ಕೊಟ್ಟರು. ಕಾನ್ಸ್‌ಟೇಬಲ್ ಒಬ್ಬರು ಮನೆಯ ಆಳಿಗೆ ಕುಡಿಸಿ ಬಾಯಿ ಬಿಡಿಸಿದರು ಅಂತ ಊರೆಲ್ಲ ಮಾತು.

ಮಾವ ಓದುತ್ತಾ ಹೋದ. ಆ ಶ್ರದ್ಧಾನಂದನೇ ಮರದ ಪೆಟ್ಟಿಗೆ ಮಾಡಿಸಿದ್ದನಂತೆ, ಮಲಗುವ ಕೋಣೆಯ ಗೋಡೆ ಪಕ್ಕಕ್ಕೇ ಗುಂಡಿ ತೋಡಿಸಿದ್ದನಂತೆ. ಮತ್ತಿನ ಔಷಧ ಕೊಟ್ಟು ಹೂತು, ಮೇಲೆ ಕಲ್ಲು ಹಾಸಿ, ಹೆಚ್ಚುಕಮ್ಮಿ ಮೂರು ವರ್ಷ ಅದೇ ಮನೆಯಲ್ಲಿ ಓಡಾಡಿಕೊಂಡಿದ್ದ. ಅಜ್ಜಿ ಊದುಗೊಳವೆ ಕೆಳಗಿಟ್ಟಳು. "ಬಡಗಿಗೂ ಅನುಮಾನ ಬರಲಿಲ್ಲವೇನೋ?" ಅಂದಳು. ದೆವ್ವದ ಮಾತೇ ಎತ್ತಲಿಲ್ಲ.

ಎತ್ತಿದವರು ಬೇರೆಯವರು. ಮಾವನ ಸ್ಕೂಟರಿನಲ್ಲಿ ಆ ಗೇಟಿನ ಮುಂದೆ ಹೋದಾಗ ಕಡಲೆಕಾಯಿಯವನು, ರಾತ್ರಿ ಒಳಗೆ ಬಳೆ ಸದ್ದು ಕೇಳುತ್ತದೆ ಎಂದು ಪಿಸುಗುಟ್ಟಿದ. ಬೀಗ ಜಡಿದ ಗೇಟು, ಒಣಗಿದ ಎಲೆ, ಅಷ್ಟೇ ನನಗೆ ಕಂಡದ್ದು. ಬೆನ್ನು ತಣ್ಣಗಾಗಲು ಅಷ್ಟು ಸಾಕಾಯಿತು.

2005ರಲ್ಲಿ ಶ್ರದ್ಧಾನಂದನಿಗೆ ಗಲ್ಲು ಶಿಕ್ಷೆಯಾಯಿತು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಾಯುವವರೆಗೂ ಜೈಲು ಎಂದು ಬದಲಾಯಿಸಿತು.

ನಾನಂತೂ ಮಾವ ಪೇಪರು ಓದಿದ ಆ ಸಂಜೆಯಿಂದ ನಮ್ಮ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕಾಲಿಡಲಿಲ್ಲ. ಅಜ್ಜಿ ನಾಲ್ಕು ದಿನ ನೋಡಿದಳು. ಐದನೇ ದಿನ ಮಾವನ ಕೈಲಿ ಹಾರೆ ಹಾಕಿಸಿ ಕಲ್ಲನ್ನೇ ಎತ್ತಿಸಿ, ನನ್ನ ಕತ್ತು ಹಿಡಿದು ಬಗ್ಗಿಸಿದಳು. ಒದ್ದೆ ಮಣ್ಣು, ಎರಡು ಎರೆಹುಳು, ಸೋಪಿನ ಚೂರು, ನಾನು ಕಳೆದುಕೊಂಡಿದ್ದ ಹಸಿರು ಗೋಲಿ.